ಸ್ಯಾಶೆ ಕಾನೂನು ಮತ್ತು ಸಾಂತೋಳ ಹೆಂಡತಿ

ಸಾನ್ ಟೆಲ್ಮೋ ಬರಾಂಗೈಯ, ಅಂದರೆ ಊರ ಪಂಚಾಯಿತಿಯ, ಸಭೆಗೆ ಆರಿಸಿ ಬಂದಾಗ ಸಾಂತೋ ಆಸೆಪಟ್ಟದ್ದು ಕ್ರೀಡಾ ಸಮಿತಿಗೆ. ಬಾಸ್ಕೆಟ್‌ಬಾಲ್ ಅಂಗಳದ ಕಬ್ಬಿಣದ ಬಳೆಯಲ್ಲಿ ಬಲೆ ಉಳಿದಿರಲಿಲ್ಲ, ನೆಲದ ಗೆರೆಗಳು ಮಾಸಿಹೋಗಿದ್ದವು. ಅದನ್ನೆಲ್ಲ ಸರಿಮಾಡಿಸಿ ಒಂದು ಟೂರ್ನಮೆಂಟ್ ಇಡಿಸಬೇಕು, ತಾನೇ ಮೈಕು ಹಿಡಿದು ಅಂಗಳದ ಸುತ್ತ ಓಡಾಡಬೇಕು ಅಂತ ಅವಳು ಎಷ್ಟೋ ದಿನ ಕನಸು ಕಂಡಿದ್ದಳು. ಆದರೆ ಸಮಿತಿಗಳನ್ನು ಹಂಚುವ ದಿನ ಊರಿನ ಮುಖ್ಯಸ್ಥ ಕಪಿತಾನ್ ಅರ್ಕಾಡ್ಯೋ ಕ್ರೀಡೆಯನ್ನು ತನ್ನ ಭಾವಮೈದುನ ರುಸ್ತಿಕೋಗೆ ಕೊಟ್ಟುಬಿಟ್ಟ. ಹಣಕಾಸು, ರಸ್ತೆ, ಆರೋಗ್ಯ ಎಲ್ಲವೂ ಒಂದೊಂದಾಗಿ ಹೋದವು. ಕೊನೆಗೆ ಯಾರೂ ಮುಟ್ಟದೆ ಬಿಟ್ಟ ಪರಿಸರ ಸಮಿತಿ ಉಳಿಯಿತು, ಮತ್ತೆ ಸಾಂತೋ ಉಳಿದಳು.

"ಇದರಲ್ಲಿ ಏನ್ ಮಾಡ್ಬೇಕು, ಕಪಿತಾನ್?"

"ಏನಿಲ್ಲ ಮಾರಾಯ್ತಿ. ವರ್ಷಕ್ಕೊಂದ್ಸಲ ಗಿಡ ನೆಡೋದು, ಫೋಟೋ ತೆಗೆಸ್ಕೊಳ್ಳೋದು. ಗಿಡ ಸತ್ತೋದ್ರೆ ಇನ್ನೂ ಒಳ್ಳೇದು, ಮುಂದಿನ ವರ್ಷ ಅದೇ ಗುಂಡೀಲಿ ನೆಡಬಹುದು."

ಪಾದ್ರಿ ಇಟ್ಟ ಹೆಸರು ಕ್ರಿಸಾಂತಾ. ಹತ್ತು ವರ್ಷದವಳಿದ್ದಾಗಲೇ ಅವಳು ಫ್ರಾಕು ಬಿಸಾಕಿ ಅಣ್ಣನ ಚಡ್ಡಿ ಹಾಕಿಕೊಂಡಳು, ಊರು ಹೆಸರಿನ ತಲೆ ಕತ್ತರಿಸಿ, ಬಾಲ ತಿರುಚಿ ಸಾಂತೋ ಮಾಡಿತು. ಈಗ ನಲವತ್ತು ದಾಟಿದೆ. ಕೂದಲು ಗಿಡ್ಡ, ಅಂಗಿಯ ತೋಳು ಮಡಚಿದ್ದು, ಉಗುರಿನ ಸಂದಿಯಲ್ಲಿ ಯಾವಾಗಲೂ ಗ್ರೀಸು. ಮೀನುಗಾರರ ದೋಣಿಗಳ ಎಂಜಿನ್ ರಿಪೇರಿ ಅವಳ ಕಸುಬು. ಸಣ್ಣ ಮಕ್ಕಳು ಒಮ್ಮೆ ಮನೋಂಗ್ ಅಂತ ಅಣ್ಣ ಮಾಡುತ್ತಿದ್ದವು, ಒಮ್ಮೆ ಮನಾಂಗ್ ಅಂತ ಅಕ್ಕ ಮಾಡುತ್ತಿದ್ದವು, ಅವಳು ಎರಡಕ್ಕೂ ಓಗೊಡುತ್ತಿದ್ದಳು. ಹಿಂದಿನ ಚಂಡಮಾರುತದಲ್ಲಿ ಅವಳು ದೋಣಿಗೆ ಎಂಜಿನ್ ಕಟ್ಟಿಕೊಂಡು ಮನೆಮನೆಗೆ ಹೋಗಿ ಮುದುಕರನ್ನು ಎತ್ತಿ ತಂದಿದ್ದಳು. ಆ ಮುದುಕರೆಲ್ಲ ಮರೆಯದೆ ವೋಟು ಹಾಕಿದ್ದರಿಂದಲೇ ಏಳನೆಯವಳಾಗಿ, ಅಂದರೆ ಕೊನೆಯವಳಾಗಿ, ಗೆದ್ದಿದ್ದಳು.

ಪೆರ್ಲಿತಾ ಅವಳ ಜೊತೆ ಬಾಳಲು ತೊಡಗಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ. ದುಂಡು ಮುಖದ, ಚುರುಕು ನಾಲಿಗೆಯ ಹೆಂಗಸು. ಮನೆಯ ಮುಂಗಿಟಕಿಯಲ್ಲೇ ಸಾರಿಸಾರಿ ಅನ್ನುವ ಚಿಲ್ಲರೆ ಅಂಗಡಿ ಇಟ್ಟಿದ್ದಳು. ಒಂದು ಮೊಟ್ಟೆ, ಅರ್ಧ ಬೆಳ್ಳುಳ್ಳಿ, ಎರಡು ಸಿಗರೇಟು, ಯಾರಿಗೆ ಎಷ್ಟು ಬೇಕೋ ಅಷ್ಟು ಸಿಗುತ್ತಿತ್ತು. ಕಿಟಕಿಯ ಅಡ್ಡಡ್ಡಕ್ಕೆ ಶಾಂಪೂ, ಕಾಫಿ, ಸೋಪಿನ ಪುಡಿ, ಸೋಯಾ ಸಾಸ್, ವಿನಿಗರ್ ಸ್ಯಾಶೆಗಳ ಸಾಲು ಸಾಲು ಸರಗಳು ಮದುವೆ ಚಪ್ಪರದ ಹಾಗೆ ತೂಗುತ್ತಿದ್ದವು. ಪೆರ್ಲಿತಾಳ ಮುಖ ನೋಡಬೇಕಾದರೆ ಗಿರಾಕಿಗಳು ಆ ಸರಗಳನ್ನು ಕೈಯಿಂದ ಸರಿಸಬೇಕಾಗಿತ್ತು.

ಊರಿಗೆಲ್ಲ ಗೊತ್ತಿತ್ತು, ಆದರೆ ಬಾಯಿಬಿಟ್ಟು ಹೇಳುವವರಿರಲಿಲ್ಲ. ಪ್ರಮಾಣವಚನದ ದಿನ ಒಬ್ಬೊಬ್ಬ ಸದಸ್ಯನ ಹೆಂಡತಿಯನ್ನೋ ಗಂಡನನ್ನೋ ಹೆಸರು ಹಿಡಿದು ವೇದಿಕೆಗೆ ಕರೆದರು. ಸಾಂತೋಳ ಸರದಿ ಬಂದಾಗ ಕಪಿತಾನ್ ಮೈಕಿನಲ್ಲೇ ತಡವರಿಸಿದ. "ಮತ್ತೆ ಇವರು… ಸಾಂತೋಳ… ಕಸಿನ್, ಅಲ್ವಾ?" ಸಾಂತೋ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ, ಸುಮ್ಮನೆ ಹಲ್ಲು ಕಿರಿದಳು. ಹೊಸ ಉಡುಪು ಹೊಲಿಸಿಕೊಂಡು ಬಂದಿದ್ದ ಪೆರ್ಲಿತಾ ಫೋಟೋ ತೆಗೆಯುವಾಗ ಉಳಿದ ಹೆಂಗಸರ ಕೈಚೀಲಗಳನ್ನು ಹಿಡಿದುಕೊಂಡು ಕೆಳಗೆ ನಿಂತಳು. ಸದಸ್ಯರ ಹೆಂಡಿರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು, ಕಪಿತಾನನ ಹೆಂಡತಿ ಸೊಲೆದಾದ್ ಅದರ ಅಧ್ಯಕ್ಷೆ. ಕ್ರಿಸ್‌ಮಸ್ಸಿಗೆ ಆ ಸಂಘದ ಊಟಕ್ಕೆ ಪೆರ್ಲಿತಾಳಿಗೂ ಕರೆ ಬಂತು. ಶ್ಯಾವಿಗೆ ಬೇಯಿಸುವುದಕ್ಕೆ.

ಜುಲೈಯಲ್ಲಿ ಮಳೆ ಹಿಡಿಯಿತು. ಅಮಾವಾಸ್ಯೆಯ ಭರತವೂ ಕೂಡಿ ಊರ ನಡುವಿನ ಕಾಲುವೆ ಉಕ್ಕಿ ಮನೆಗಳಿಗೆ ನುಗ್ಗಿತು. ಕಪಿತಾನನ ಜೂಜಿನ ಹುಂಜಗಳು, ಒಂದೊಂದಕ್ಕೂ ಮಗನಿಗಿಂತ ಹೆಚ್ಚು ಖರ್ಚು ಮಾಡಿದ್ದು, ಛಾವಣಿ ಹತ್ತಿ ಕೂತು ಮಟಮಟ ಮಧ್ಯಾಹ್ನ ಕೂಗತೊಡಗಿದವು. ಪರಿಸರ ಸಮಿತಿ ಎಲ್ಲಿ, ಎಲ್ಲಿ ಅಂತ ಜನ ಕೇಳಿದರು. ಅದು ತಾನೇ ಎಂದು ಸಾಂತೋಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

ಅವಳು ಸೊಂಟದವರೆಗೆ ನೀರಿಗಿಳಿದು ಸೇತುವೆಯ ಕೆಳಗಿನ ಕೊಳವೆಗೆ ಕೈಹಾಕಿದಳು. ಕೈಗೆ ಸಿಕ್ಕದ್ದು ಪ್ಲಾಸ್ಟಿಕ್ಕಿನ ಮುದ್ದೆ. ಎಳೆದಷ್ಟೂ ಬಂತು. ಶಾಂಪೂ, ಕಾಫಿ, ವಿನಿಗರ್, ಮತ್ತೆ ಶಾಂಪೂ. ದಂಡೆಯ ಮೇಲೆ ಸಾಂತೋಳಿಗಿಂತ ಎತ್ತರದ ರಾಶಿ ಬಿತ್ತು, ಆಮೇಲೆ ನೀರು ಗುಳುಗುಳು ಅಂತ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಸಾಂತೋ ಮಾತ್ರ ಆ ರಾಶಿಯನ್ನೇ ನೋಡುತ್ತ ನಿಂತಿದ್ದಳು. ಅದರಲ್ಲಿ ಅರ್ಧಕ್ಕರ್ಧ ತನ್ನ ಮನೆಯ ಕಿಟಕಿಯಿಂದಲೇ ಹೋದದ್ದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿವೃತ್ತ ಟೀಚರ್ ಎದ್ವಿಗೆಸ್ ಕೂಡ ಸಭೆಯ ಸದಸ್ಯೆ. ಮದುವೆಯಾಗದ, ಎಪ್ಪತ್ತರ ಹತ್ತಿರದ, ಎಲ್ಲರನ್ನೂ ಇನ್ನೂ ಮೂರನೇ ಕ್ಲಾಸಿನವರಂತೆ ಕಾಣುವ ಹೆಂಗಸು. ಅವಳ ಜೊತೆ ಕೂತು ಸಾಂತೋ ಒಂದು ಕಾನೂನು ಬರೆಸಿದಳು. ಸಾನ್ ಟೆಲ್ಮೋದಲ್ಲಿ ಇನ್ನು ಸ್ಯಾಶೆ ಮಾರುವಂತಿಲ್ಲ. ಎಣ್ಣೆ, ಸಾಸ್, ಶಾಂಪೂ ಏನಿದ್ದರೂ ಅಂಗಡಿಯವರು ದೊಡ್ಡ ಡಬ್ಬಿಯಲ್ಲಿ ತಂದಿಟ್ಟು ಗಿರಾಕಿಯ ಸೀಸೆಗೆ ಅಳೆದು ಸುರಿಯಬೇಕು.

ಸುದ್ದಿ ಸಾಂತೋಗಿಂತ ಮೊದಲೇ ಮನೆ ತಲುಪಿತ್ತು.

"ಬನ್ನಿ ಮಾನ್ಯ ಸದಸ್ಯರೇ" ಅಂದಳು ಪೆರ್ಲಿತಾ ಕಿಟಕಿಯಿಂದಲೇ. ಅವಳು ಯಾವಾಗಲೂ 'ಗಾ' ಅಂತ ಮುದ್ದಾಗಿ ಕರೆಯುವವಳು. ಸದಸ್ಯರೇ ಅಂದಾಗ ಸಾಂತೋ ಬಾಗಿಲ ಹೊರಗೇ ನಿಂತುಬಿಟ್ಟಳು.

"ಪೆರ್ಲಿ, ಒಂಚೂರು ಕೇಳು…"

"ಕೇಳೋಕೇನಿದೆ? ಊರಿಗೆಲ್ಲ ಹೇಳಿದ್ದಾಯ್ತಲ್ಲ. ಒಳಗೆ ಬನ್ನಿ, ಕಾಲು ತೊಳ್ಕೊಳ್ಳಿ. ಸೋಪಿನ ಪುಡಿ ಕೇಳ್ಬೇಡಿ, ಅದು ಸ್ಯಾಶೆಯಲ್ಲಿದೆ."

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಲೋಟದಲ್ಲಿ ಬರೀ ಬಿಸಿನೀರು ಇತ್ತು.

"ಕಾಫಿ?"

"ಸ್ಯಾಶೆಯಲ್ಲಿದೆ."

ಸಾಂತೋ ಬಿಸಿನೀರು ಊದಿ ಊದಿ ಕುಡಿದಳು. ತಲೆಗೆ ಬಟ್ಟೆ ಸೋಪು ತಿಕ್ಕಿಕೊಂಡಳು, ಕೂದಲು ಮುಳ್ಳುಹಂದಿಯಂತೆ ನಿಂತಿತು. ಒಣಮೀನಿಗೆ ನಂಚಿಕೊಳ್ಳಲು ವಿನಿಗರ್ ಇರಲಿಲ್ಲ. ಒಂದು ವಾರ ಹೀಗೆ ನಡೆದ ಮೇಲೆ ಅವಳು ಎಂಜಿನ್ ಶೆಡ್ಡಿನಲ್ಲೇ ಊಟ ಮಾಡತೊಡಗಿದಳು.

"ಸೀಸೆ ಹಿಡ್ಕೊಂಡು ಬರೋರು ಬರ್ತಾರೆ ಕಣೆ" ಅಂತ ಒಂದು ಸಂಜೆ ಧೈರ್ಯ ಮಾಡಿ ಹೇಳಿದಳು.

"ಕೆಲಸದಿಂದ ಸುಸ್ತಾಗಿ ಬಂದೋರು ಸೀಸೆ ಹುಡುಕ್ತಾರಾ? ಪಕ್ಕದ ಊರಿಗೆ ಹೋಗಿ ಸ್ಯಾಶೆ ತರ್ತಾರೆ. ನಾನಿಲ್ಲಿ ನೊಣ ಹೊಡೀತಾ ಕೂತಿರ್ತೀನಿ. ಕಸಿನ್ ಅಲ್ವಾ ನಾನು? ಕಸಿನ್ ಹೊಟ್ಟೆಗೆ ಏನಾದ್ರೆ ನಿಂಗೇನು!"

ಸಾಂತೋ ಚಪ್ಪಲಿ ಮೆಟ್ಟಿ ಎಂಜಿನ್ ಶೆಡ್ಡಿಗೆ ಹೊರಟಳು.

ಸಭೆಯಲ್ಲಿ ಏಳು ಜನ. ಕಪಿತಾನ್ ಮತ ಹಾಕುವುದು ಎರಡೂ ಕಡೆ ಸಮ ಆದಾಗ ಮಾತ್ರ. ಸಾಂತೋ, ಎದ್ವಿಗೆಸ್ ಟೀಚರ್, ಹೆಂಡತಿ ತೀರಿಕೊಂಡಿದ್ದ ಮುದುಕ ಬಾಲ್ಡೊಮೆರೊ, ಮನೆಯೊಳಗೆ ಮಂಚದವರೆಗೆ ನೀರು ಕಂಡಿದ್ದ ಇನ್ನೊಬ್ಬ, ಹೀಗೆ ಪರ ನಾಲ್ಕು. ರುಸ್ತಿಕೋ ಮತ್ತಿಬ್ಬರು ಸೇರಿ ವಿರುದ್ಧ ಮೂರು. ಕಾನೂನು ಪಾಸಾಗುವುದು ಖಂಡಿತವಿತ್ತು. ಇದು ಕಪಿತಾನನಿಗೆ ನುಂಗಲಾರದ ತುತ್ತಾಯಿತು. ಸುತ್ತಲ ಅಂಗಡಿಗಳಿಗೆಲ್ಲ ಸ್ಯಾಶೆಗಳನ್ನು ಸಗಟಿನಲ್ಲಿ ಕೊಡುತ್ತಿದ್ದವಳು ಅವನ ಹೆಂಡತಿ ಸೊಲೆದಾದ್. ಹುಂಜಗಳ ಖರ್ಚು ನಡೆಯುತ್ತಿದ್ದದ್ದೂ ಅದರಿಂದಲೇ.

ಸಭೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸೇರಿತು. ಊರಿಗೆ ಊರೇ ಬಂದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿತ್ತು. ಪೆರ್ಲಿತಾ ಕೊನೆಯ ಸಾಲಿನಲ್ಲಿ, ಅಂಗಡಿಯವರ ಗುಂಪಿನ ನಡುವೆ, ಬಿಗಿದ ಮುಖದಲ್ಲಿದ್ದಳು. ಮುಂದಿನ ಸಾಲಿನಲ್ಲಿ ಸೊಲೆದಾದ್ ಬೀಸಣಿಗೆ ಆಡಿಸುತ್ತಿದ್ದಳು.

ಕಾನೂನನ್ನು ಓದಿಯಾಯಿತು. ಇನ್ನೇನು ಮತಕ್ಕೆ ಹಾಕಬೇಕು ಅನ್ನುವಾಗ ಕಪಿತಾನ್ ಗಂಟಲು ಸರಿಮಾಡಿಕೊಂಡ.

"ನಮ್ಮ ಸಭೆಯ ಒಳನಿಯಮ ಒಂದಿದೆ. ಸದಸ್ಯರ ಗಂಡನಿಗೋ ಹೆಂಡತಿಗೋ, ಇಲ್ಲಾ ಹಾಗೆ ಬಾಳುವವರಿಗೋ, ಲಾಭ ನಷ್ಟ ಇರುವ ವಿಷಯದಲ್ಲಿ ಆ ಸದಸ್ಯರು ಮತ ಹಾಕೋ ಹಾಗಿಲ್ಲ. ಪೆರ್ಲಿತಾಳ ಅಂಗಡಿ ಇದೆ. ಹಾಗಾಗಿ ಸಾಂತೋ ಕೈ ಎತ್ತೋ ಹಾಗಿಲ್ಲ."

ಅಂಗಳದಲ್ಲಿ ಗುಜುಗುಜು ಎದ್ದಿತು. ಸಾಂತೋ ಹೊರಗುಳಿದರೆ ಮೂರಕ್ಕೆ ಮೂರು, ಆಗ ಕಪಿತಾನನದೇ ಕೊನೆಯ ಮತ. ಅದು ಎಲ್ಲರಿಗೂ ತಿಳಿಯಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಯಾರೂ ಆಡದ ಮಾತನ್ನು ಕಪಿತಾನನೇ ಮೈಕಿನಲ್ಲಿ ಆಡಿಬಿಟ್ಟಿದ್ದ.

"ಕಸಿನ್ ಅಂದಿದ್ರಲ್ಲ ಕಪಿತಾನ್!" ಅಂತ ಹಿಂದಿನಿಂದ ಯಾರೋ ಕೂಗಿದರು. ನಗೆ ಎದ್ದಿತು.

"ಅದನ್ನ ಅವಳೇ ಹೇಳ್ಲಿ" ಅಂದ ಕಪಿತಾನ್, ಸಾಂತೋ ಕಡೆ ತಿರುಗಿ. "ಹೇಳು ಸಾಂತೋ. ಕಸಿನ್ ಆದ್ರೆ ಮತ ಹಾಕು, ನನ್ನ ಅಡ್ಡಿಯಿಲ್ಲ. ಹೆಂಡತಿ ಆದ್ರೆ ಸುಮ್ನೆ ಕೂತ್ಕೋ. ಪೆರ್ಲಿತಾ ನಿಂಗೆ ಏನಾಗ್ಬೇಕು?"

ಎದ್ವಿಗೆಸ್ ಟೀಚರ್ ಮೇಜಿನ ಕೆಳಗೆ ಸಾಂತೋಳ ಕಾಲು ಒತ್ತಿದಳು. "ಕಸಿನ್ ಅನ್ನು" ಎಂದು ತುಟಿ ಅಲುಗಿಸದೆ ಪಿಸುಗುಟ್ಟಿದಳು. "ಒಂದು ದಿನದ ಮಟ್ಟಿಗೆ ಅನ್ನು. ಕಾಲುವೆ ನೆನಪಿಟ್ಕೋ."

ಸಾಂತೋ ಕಾಲುವೆಯನ್ನು ನೆನೆಸಿಕೊಂಡಳು. ಸೊಂಟದವರೆಗಿನ ಕೊಳಕು ನೀರನ್ನು, ಎಳೆದಷ್ಟೂ ಬಂದ ಆ ಮುದ್ದೆಯನ್ನು ನೆನೆಸಿಕೊಂಡಳು. ಒಂದೇ ಒಂದು ಮಾತು ಸಾಕಿತ್ತು. ಬಾಯಿ ತೆರೆದಳು. ಕೊನೆಯ ಸಾಲಿನಲ್ಲಿ ಪೆರ್ಲಿತಾ ಕತ್ತು ಉದ್ದ ಮಾಡಿ ಅವಳನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಈಗ ಸಿಟ್ಟು ಇರಲಿಲ್ಲ. ಸಾಂತೋ ಏನು ಹೇಳುತ್ತಾಳೆಂದು ಮೊದಲೇ ಗೊತ್ತಿರುವವಳ ಹಾಗೆ, ಅದನ್ನು ಕೇಳಿಸಿಕೊಳ್ಳಲು ತಯಾರಾದವಳ ಹಾಗೆ ಕೂತಿದ್ದಳು.

"ಹೆಂಡತಿ" ಅಂದಳು. ಯಾರಿಗೂ ಕೇಳಿಸಲಿಲ್ಲ. ಮೈಕನ್ನು ಹತ್ತಿರ ಎಳೆದುಕೊಂಡು ಇನ್ನೊಮ್ಮೆ ಅಂದಳು. "ಅವಳು ನನ್ನ ಹೆಂಡತಿ."

ಟೀಚರ್ ಹಣೆ ಚಚ್ಚಿಕೊಂಡಳು. ಕಪಿತಾನನ ಮುಖ ಊರಗಲವಾಯಿತು.

"ಬರ್ಕೊಳ್ಳಿ ಕಾರ್ಯದರ್ಶಿಗಳೇ!"

ಆಗ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಪೆರ್ಲಿತಾ ಎದ್ದು ನಿಂತಿದ್ದಳು. "ಬರ್ಕೊಂಡ್ರಾ?"

"ಬರ್ಕೊಂಡೆ" ಅಂದ ಕಾರ್ಯದರ್ಶಿ.

"ಏನಂತ?"

"ಹಾಗೆ ಬಾಳುವವರು ಅಂತ."

"ಹಾಗೆ ಅಂದ್ರೆ ಹೇಗೆ? ಅವಳು ಹೆಂಡತಿ ಅಂದ್ಲು, ನಿಮ್ಮ ಕಿವಿಗೆ ಬೀಳಲಿಲ್ವಾ? ಹೆಂಡತಿ ಅಂತ್ಲೇ ಬರೀರಿ. ಬರೆದು ಜೋರಾಗಿ ಓದಿ."

ಕಾರ್ಯದರ್ಶಿ ಕಪಿತಾನನ ಮುಖ ನೋಡಿದ. ಕಪಿತಾನ್ ಗೆದ್ದ ಉತ್ಸಾಹದಲ್ಲಿ ಕೈಯಾಡಿಸಿದ. ಸದಸ್ಯೆ ಸಾಂತೋಳ ಹೆಂಡತಿ ಪೆರ್ಲಿತಾ ಅಂತ ಕಾರ್ಯದರ್ಶಿ ಓದಿದ. ಪೆರ್ಲಿತಾ ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಂಡವಳಂತೆ ಹೆಗಲು ಮುಟ್ಟಿಕೊಂಡಳು. ಅಂಗಡಿಯವರ ಗುಂಪು ಅವಳ ಬೆನ್ನು ತಟ್ಟಿತು. ಅವರಿಗೆ ಕಾನೂನು ಬಿತ್ತು ಅನ್ನುವ ಖುಷಿ.

ಅಲ್ಲಿಗೆ ಅವಳು ಕೂತಿದ್ದರೆ ಎಲ್ಲವೂ ಅವಳ ಇಷ್ಟದಂತೆಯೇ ಮುಗಿಯುತ್ತಿತ್ತು. ಆದರೆ ಕಪಿತಾನನಿಗೆ ಗೆದ್ದಾಗ ಸುಮ್ಮನಿದ್ದು ಅಭ್ಯಾಸವಿಲ್ಲ.

"ನೋಡಿದ್ರಾ" ಅಂದ ಜನರ ಕಡೆ ತಿರುಗಿ, ನಗುತ್ತ. "ಹೆಂಡತಿ ಅಂತೆ ಹೆಂಡತಿ! ಆಗ್ಲಿ, ನಮಗೇನು, ಅನುಕೂಲಾನೇ ಆಯ್ತು."

ಪೆರ್ಲಿತಾಳ ಕಿವಿ ಕೆಂಪೇರಿತು.

"ಹೌದು ಕಪಿತಾನ್, ಹೆಂಡತಿ. ಅಂಗಡಿ ಇರೋ ಹೆಂಡತಿ. ಅದಕ್ಕೆ ಸಾಂತೋ ಕೈ ಎತ್ತಬಾರ್ದು, ಸರಿ. ಹಾಗಾದ್ರೆ ನಾನು ಪ್ರತಿ ಸೋಮವಾರ ಸ್ಯಾಶೆ ತರೋದು ಯಾರ ಹತ್ರ? ಮನಾಂಗ್ ಸೊಲೆದಾದ್ ಹತ್ರ ಅಲ್ವಾ? ಅವರು ನಿಮಗೇನು, ಕಸಿನ್ನಾ?"

ಸೊಲೆದಾದಳ ಬೀಸಣಿಗೆ ನಿಂತಿತು. ಅಂಗಳದಲ್ಲಿ ನಗೆಯ ಬಿರುಗಾಳಿ ಎದ್ದಿತು.

"ನಾನು ಅಧ್ಯಕ್ಷ, ಅದು ಬೇರೆ…" ಅಂದ ಕಪಿತಾನ್.

"ಬೇರೆ ಅಲ್ಲ, ಕೂತ್ಕೋ ಅರ್ಕಾಡ್ಯೋ" ಅಂದಳು ಟೀಚರ್. ಅವನು ಅವಳ ಹಳೆಯ ವಿದ್ಯಾರ್ಥಿ, ಕೂತೇಬಿಟ್ಟ. "ಪೆರ್ಲಿತಾ, ಮುಂದೆ ಹೇಳಮ್ಮ."

ಪೆರ್ಲಿತಾ ಹೇಳಿದಳು. ಅವಳಿಗೆ ಊರಿನ ಅಂಗಡಿಗಳೆಲ್ಲ ಬಾಯಿಪಾಠ. ರುಸ್ತಿಕೋನ ಹೆಂಡತಿಗೆ ಶಾಲೆಯ ಹತ್ತಿರ ಅಂಗಡಿ. ಅವನ ಪಕ್ಕದವನ ಹೆಂಡತಿಗೆ ಚರ್ಚಿನ ಹಿಂದೆ. ಇನ್ನೊಬ್ಬನ ಹೆಂಡತಿ ಮನೆಯೊಳಗೇ ಮಾರುತ್ತಾಳೆ, ಲೈಸೆನ್ಸೂ ಇಲ್ಲ. ಅವನು ಬೆವರೊರೆಸಿಕೊಂಡ. ಮಂಚದವರೆಗೆ ನೀರು ಕಂಡವನ ಹೆಂಡತಿಗೂ ಒಂದು ಅಂಗಡಿ. ಸಾನ್ ಟೆಲ್ಮೋದಲ್ಲಿ ಕಿಟಕಿಯಿದ್ದ ಮನೆಯಲ್ಲೆಲ್ಲ ಅಂಗಡಿ ಇತ್ತು.

"ಹಾಗಾದ್ರೆ ಮತ ಹಾಕೋಕೆ ಉಳಿಯೋರು ಯಾರು?" ಅಂತ ಟೀಚರ್ ಸುತ್ತ ನೋಡಿದಳು. "ಮದುವೆ ಆಗದ ನಾನು. ಹೆಂಡತಿ ಕಳ್ಕೊಂಡ ಬಾಲ್ಡೊಮೆರೊ. ನಾವಿಬ್ರೂ ಪರ. ಎರಡಕ್ಕೆ ಸೊನ್ನೆ. ಮುಗಿಸೋಣ್ವಾ?"

ಪೆರ್ಲಿತಾ ಬಾಯಿಗೆ ಕೈ ಅಡ್ಡ ಹಿಡಿದಳು. ತಾನು ಏನು ಮಾಡಿಬಿಟ್ಟೆ ಎಂದು ಅವಳಿಗೆ ಈಗ ತಿಳಿಯಿತು. ಅಂಗಡಿಯವರು ಅವಳ ಬೆನ್ನಿನಿಂದ ಕೈ ತೆಗೆದಿದ್ದರು.

ಕಪಿತಾನ್ ದಡ್ಡನಲ್ಲ. ಪೆರ್ಲಿತಾಳ ಆ ಮುಖವನ್ನು ಅವನು ನೋಡಿದ, ಸಾಂತೋಳ ಬೆವರುತ್ತಿದ್ದ ಹಣೆಯನ್ನೂ ನೋಡಿದ. ಹೆಂಡತಿ ನೋಡುತ್ತಿರುವಾಗ, ಊರ ಎದುರು, ಹೆಂಡತಿಯ ಹೊಟ್ಟೆಯ ಮೇಲೆ ಹೊಡೆಯಲು ಕೈ ಎತ್ತುವ ಗಂಡಸು ಈ ಊರಲ್ಲಿ ಹುಟ್ಟಿಲ್ಲ ಅಂತ ಲೆಕ್ಕ ಹಾಕಿದ.

"ನನ್ನ ಆಕ್ಷೇಪಣೆ ವಾಪಸ್ ತಗೋತೀನಿ" ಅಂದ. "ಎಲ್ಲರೂ ಮತ ಹಾಕ್ಲಿ. ಸಾಂತೋನೂ ಹಾಕ್ಲಿ. ಮನೇಲಿ ಊಟ ಬೇಡ ಅಂತಿದ್ರೆ."

"ವಾಪಸ್ ತಗೊಂಡ್ರೂ ಹೆಂಡತಿ ಅನ್ನೋದನ್ನ ಅಳಿಸಬೇಡಿ!" ಅಂತ ಪೆರ್ಲಿತಾ ಕೂತಲ್ಲಿಂದಲೇ ಕೂಗಿದಳು. ಅಳಿಸುವುದಿಲ್ಲ ಅಂತ ಕಾರ್ಯದರ್ಶಿ ಮಾತು ಕೊಟ್ಟ.

ಟೀಚರಳ ಕೈ ಮೇಲೆದ್ದಿತು. ಬಾಲ್ಡೊಮೆರೊನದು ಎದ್ದಿತು. ಮಂಚದವನು ಹೆಂಡತಿಯ ಕಡೆ ನೋಡದೆ ಎತ್ತಿದ. ಊರೆಲ್ಲ ಸಾಂತೋಳನ್ನು ನೋಡಿತು. ಸಾಂತೋ ಪೆರ್ಲಿತಾಳನ್ನು ನೋಡಿದಳು. ಪೆರ್ಲಿತಾ ಹುಬ್ಬು ಗಂಟಿಕ್ಕಿ, ನಿಧಾನವಾಗಿ, ಬೇಡ ಅನ್ನುವಂತೆ ತಲೆಯಾಡಿಸಿದಳು.

ಸಾಂತೋ ಕೈ ಎತ್ತಿದಳು. ಆ ಗಂಡಸು ಹುಟ್ಟಿಲ್ಲ ಎಂಬ ಕಪಿತಾನನ ಲೆಕ್ಕವೇನೋ ಸರಿಯಾಗಿಯೇ ಇತ್ತು, ಆದರೆ ಸಾಂತೋ ಗಂಡಸಾಗಿರಲಿಲ್ಲ.

ನಾಲ್ಕಕ್ಕೆ ಮೂರು.

ಪೆರ್ಲಿತಾ ಯಾರನ್ನೂ ನೋಡದೆ ಮನೆ ಕಡೆ ದಡದಡ ಹೊರಟಳು. ಸಾಂತೋ ಹಿಂದೆ ಹಿಂದೆಯೇ, ಚಪ್ಪಲಿ ಎಸೆದರೆ ತಾಗದಷ್ಟು ದೂರ ಬಿಟ್ಟು ನಡೆದಳು. ಸೇತುವೆ ದಾಟುವಾಗ ಪೆರ್ಲಿತಾ ಒಮ್ಮೆಲೇ ನಿಂತಳು, ಸಾಂತೋನೂ ನಿಂತಳು.

"ನನ್ನ ಅಂಗಡಿಗೆ ಮಣ್ಣು ಹಾಕ್ದೆ."

"ಹೂಂ."

"ಮೈಕಿನಲ್ಲಿ ಹೆಂಡತಿ ಅಂದೆ."

"ಹೂಂ."

"ಹೆಂಡತಿ ಅಂದಾಗ ಕಾನೂನು ಬಿದ್ದೋಗ್ತದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಆದ್ರೂ ಅಂದೆ."

"ನೀನು ನೋಡ್ತಿದ್ದೆಯಲ್ಲ ಪೆರ್ಲಿ. ನಾನು ಹಾಗನ್ನಲ್ಲ ಅಂತ್ಲೇ ನೀನು ಕೂತಿದ್ದೆ."

ಪೆರ್ಲಿತಾ ಕಾಲುವೆಯ ಕಡೆ ಮುಖ ತಿರುಗಿಸಿದಳು. ಮೂಗು ಒರೆಸಿಕೊಂಡಳು. "ಹೆಂಡತಿ ಅಂದಿದ್ದಕ್ಕೆ ಊಟ ಹಾಕ್ತೀನಿ. ಕೈ ಎತ್ತಿದ್ದಕ್ಕೆ ಪಾತ್ರೆ ನೀನೇ ತೊಳೀಬೇಕು. ಎಷ್ಟು ದಿನ ಅಂತ ಆಮೇಲೆ ಹೇಳ್ತೀನಿ, ಗಾ."

ಮೊದಮೊದಲು ಅವಳು ಹೇಳಿದ ಹಾಗೇ ಆಯಿತು. ಜನ ಸೀಸೆ ತರಲಿಲ್ಲ. ತಂದವರೂ ಎಣ್ಣೆಗೆ ಶಾಂಪೂ ಸೀಸೆ ತಂದರು. ಪಕ್ಕದ ಊರಿನಿಂದ ಸ್ಯಾಶೆಗಳು ತರಕಾರಿ ಚೀಲದ ಅಡಿಯಲ್ಲಿ, ಒಳ ಅಂಗಿಯಲ್ಲಿ, ಒಮ್ಮೆ ಶವಯಾತ್ರೆಯ ಹೂವಿನ ಬುಟ್ಟಿಯಲ್ಲಿ ನುಸುಳಿ ಬಂದವು. ಅವನ್ನು ಹಿಡಿದವರು ಪೊಲೀಸರಲ್ಲ, ಸಾಂತೋನೂ ಅಲ್ಲ. "ನಾನು ಮಾರಬಾರ್ದು ಅಂದ್ಮೇಲೆ ಬೇರೆ ಯಾವಳು ಮಾರೋದು!" ಅಂತ ಪೆರ್ಲಿತಾ ಬೀದಿಗಿಳಿದಳು. ಹೂವಿನ ಬುಟ್ಟಿಗೆ ಕೈಹಾಕಿದವಳೂ ಅವಳೇ, ಸತ್ತವನಿಗೆ ಕ್ಷಮೆ ಕೇಳಿ. ಸೊಲೆದಾದ್ ಕೂಡ ವ್ಯಾಪಾರ ಬಲ್ಲವಳು. ತಿಂಗಳು ಕಳೆಯುವುದರೊಳಗೆ ಸಾಸು, ವಿನಿಗರ್, ಶಾಂಪೂಗಳನ್ನು ಡ್ರಮ್ಮಿನಲ್ಲಿ ತರಿಸಿದಳು. ಡ್ರಮ್ಮಿನ ದರ ಕುದುರಿಸಲು ಅವಳೂ ಪೆರ್ಲಿತಾಳೂ ಒಂದು ಇಡೀ ಮಧ್ಯಾಹ್ನ ಜಗಳವಾಡಿ, ಕೊನೆಗೆ ಒಂದೇ ತಟ್ಟೆಯಲ್ಲಿ ಹುರಿದ ಬಾಳೆಹಣ್ಣು ತಿಂದರು. ಮುಂದಿನ ಸಭೆಗೆ ಹೆಂಡಿರ ಸಂಘದ ಕರೆ ಬಂದಾಗ ಪೆರ್ಲಿತಾಳಿಗೆ ಸೌಟು ತನ್ನಿ ಅಂತ ಯಾರೂ ಹೇಳಲಿಲ್ಲ.

ಮುಂದಿನ ಮಳೆಗೆ ಕಾಲುವೆ ಉಕ್ಕಿತು, ಆದರೆ ಮನೆಗಳ ಮೆಟ್ಟಿಲು ಹತ್ತಲಿಲ್ಲ. ಹುಂಜಗಳು ನೆಲದ ಮೇಲೇ ಉಳಿದವು. ಸಾಂತೋಗೆ ಹುರುಪು ಬಂತು. ಒಣ ಎಲೆ ಕಸಕ್ಕೆ ಬೆಂಕಿ ಹಚ್ಚುವುದನ್ನು ನಿಲ್ಲಿಸಬೇಕು ಅಂತ ಇನ್ನೊಂದು ಕಾನೂನು ಬರೆಸಿ ಸಭೆಗೆ ತಂದಳು.

ಅದನ್ನು ಓದುವ ಮೊದಲೇ ಕಾರ್ಯದರ್ಶಿ ಒಂದು ಮನವಿ ಇದೆ ಅಂತ ಎದ್ದು ನಿಂತ. ಸದಸ್ಯರ ಹೆಂಡಿರ ಸಂಘದಿಂದ ಬಂದದ್ದು. ಎಲೆ ಹೊಗೆ ಹಾಕದಿದ್ದರೆ ಸೊಳ್ಳೆ ಕಾಟ ತಡೆಯಲಾಗದು, ಈ ಕಾನೂನನ್ನು ಮಹಿಳೆಯರು ಕಟುವಾಗಿ ವಿರೋಧಿಸುತ್ತಾರೆ.

"ಸಹಿ?" ಅಂತ ಸಾಂತೋ ಕೇಳಿದಳು. ಕೇಳುವಾಗಲೇ ಅವಳಿಗೆ ಗೊತ್ತಿತ್ತು.

"ಸದಸ್ಯೆ ಸಾಂತೋರ ಪತ್ನಿ, ಶ್ರೀಮತಿ ಪೆರ್ಲಿತಾ" ಅಂತ ಓದಿದ ಕಾರ್ಯದರ್ಶಿ. "ಸಂಘದ ಹೊಸ ಉಪಾಧ್ಯಕ್ಷೆ."

ಕಪಿತಾನ್ ಬಾಯಿ ಮುಚ್ಚಿಕೊಂಡು ನಕ್ಕ. ಸಾಂತೋ ಮೈಕನ್ನು ಹತ್ತಿರ ಎಳೆದುಕೊಂಡಳು. ಸೋಲುವ ಕಳೆ ಏನೂ ಇಲ್ಲದ ಮುಖದಲ್ಲಿ, ಆ ಸಹಿಯನ್ನು ಇನ್ನೊಮ್ಮೆ ಓದಿ ಅಂದಳು.